ಸಹಾಯ ಬೇಕು: ಎಸ್ಟೀಮ್ ಸ್ಟೇರಿಂಗ್ ರ್ಯಾಕ್, ಹಾಸನ ಅಥವಾ ಚಿಕ್ಕಮಗಳೂರು ಕಡೆ

ನಮಸ್ಕಾರ. ಘಾಟಿ ಓಟಕ್ಕೆಂದು ತಯಾರಾಗುತ್ತಿರೋ 1998ರ ಮಾರುತಿ ಎಸ್ಟೀಮ್, ಪವರ್ ಸ್ಟೇರಿಂಗ್ ಇಲ್ಲ. ಗಾಡಿ ಚಿಕ್ಕಮಗಳೂರಲ್ಲಿದೆ. ನೇರ ರಸ್ತೆಯಲ್ಲಿ ಸ್ಟೇರಿಂಗ್ ಎರಡು ಬೆರಳಷ್ಟು ಸಡಿಲ. ಚಾರ್ಮಾಡಿಯಂಥ ತಿರುವು ಮುಗಿದ ಮೇಲೂ ತಾನಾಗಿ ನೇರಕ್ಕೆ ಬರಲ್ಲ, ಕೈಯಲ್ಲೇ ತಿರುಗಿಸಬೇಕು.

ಟೈ ರಾಡ್ ಎಂಡ್, ಬಾಲ್ ಜಾಯಿಂಟ್, ಲೋವರ್ ಆರ್ಮ್ ಬುಷ್ ಎಲ್ಲ ಹೊಸದು. ಒಬ್ಬರು ಸ್ಟೇರಿಂಗ್ ಅಲ್ಲಾಡಿಸುವಾಗ ಇನ್ನೊಬ್ಬರು ರಬ್ಬರ್ ಬೂಟ್ ಮೇಲಿಂದ ಒಳಗಿನ ಜಾಯಿಂಟ್ ಹಿಡಿದು ನೋಡಿದ್ದಾಯ್ತು, ಆಟ (ಸಡಿಲ) ಇರೋದು ಪಿನಿಯನ್ (ಸ್ಟೇರಿಂಗ್ ಜೊತೆ ತಿರುಗೋ ಚಿಕ್ಕ ಹಲ್ಲಿನ ಚಕ್ರ) ಹತ್ತಿರವೇ. ರ್ಯಾಕ್, ಅಂದರೆ ಪಿನಿಯನ್ ತಿರುಗಿದಂತೆ ಅಕ್ಕಪಕ್ಕ ಸರಿಯೋ ಹಲ್ಲಿನ ಸರಳು, ಅದರ ಹಲ್ಲು ಸವೆಯೋದು ಹೆಚ್ಚಾಗಿ ನಡುಭಾಗದಲ್ಲಿ. ಆ ಆಟ ಹೋಗಲೆಂದು ರ್ಯಾಕನ್ನು ಪಿನಿಯನ್‌ಗೆ ಒತ್ತಿ ಹಿಡಿಯೋ ಅಡ್ಜಸ್ಟರ್ ಸ್ಕ್ರೂ ಬಿಗಿ ಮಾಡಿದ್ದಾರೆ, ಈಗ ಸವೆಯದ ಎರಡೂ ತುದಿಯಲ್ಲಿ ಹಿಡಿಯುತ್ತಿದೆ. ಎಂಟನೇ ಒಂದು ಸುತ್ತು ಸಡಿಲಿಸಿದರೆ ಸ್ಟೇರಿಂಗ್ ವಾಪಸ್ ಬರುತ್ತೆ, ಆದರೆ ನಡುವಿನ ಆಟ ಮತ್ತೆ ಶುರು. ಹಾಗಾಗಿ ಸ್ಕ್ರೂ ತಿರುಗಿಸಿ ಸರಿಹೋಗೋ ಕೆಲಸ ಇದಲ್ಲ.

ಬೇಕಿರೋದು ಹಲ್ಲು ಸವೆಯದ ಮ್ಯಾನ್ಯುಯಲ್ ರ್ಯಾಕ್. ಗುಜರಿಯದ್ದಾದರೂ ಸರಿ, ಬೂಟ್ ಹರಿದು ನೀರು ಹೊಕ್ಕು ತುಕ್ಕು ಹಿಡಿದಿರಬಾರದು. ಪವರ್ ರ್ಯಾಕ್ ಹಾಕಿ ಪಂಪ್ ಬಿಟ್ಟುಬಿಡಿ ಅನ್ನೋ ಸಲಹೆ ದಯವಿಟ್ಟು ಬೇಡ. ಒಳಗಿನ ಪಿಸ್ಟನ್ ಸೀಲ್ ತೆಗೆಯದಿದ್ದರೆ ಅದು ಸ್ಟೇರಿಂಗ್ ತಿರುಗದಂತೆ ತಡೆಯುತ್ತಲೇ ಇರುತ್ತೆ, ಪವರ್ ರ್ಯಾಕಿನ ಟಾರ್ಷನ್ ಬಾರ್ (ತಿರುಚಿಕೊಳ್ಳೋ ತೆಳು ಸರಳು) ತಿರುಚಿಕೊಂಡು ಸಡಿಲ ಇನ್ನೂ ಜಾಸ್ತಿ.

ರ್ಯಾಕ್ ಕ್ಲಾಂಪಿನ ರಬ್ಬರಿನ ಅಳತೆಗೆ ಪಾಲಿಯುರೆಥೇನ್ ಬುಷ್ ಲೇತಲ್ಲಿ ಮಾಡಿಕೊಡೋರು ಹಾಸನದಲ್ಲಿ ಇದ್ದಾರಾ? ಅಲೈನ್‌ಮೆಂಟ್ ಮಾಡುವಾಗ ಟೋ (ಚಕ್ರದ ಮುಂಭಾಗ ಒಳಕ್ಕೋ ಹೊರಕ್ಕೋ ತಿರುಗಿರೋ ಅಳತೆ) ಒಂದನ್ನೇ ಅಲ್ಲ, ಕ್ಯಾಸ್ಟರ್ (ಚಕ್ರ ತಿರುಗೋ ಅಕ್ಷ ಹಿಂದಕ್ಕೋ ಮುಂದಕ್ಕೋ ವಾಲಿರೋ ಕೋನ) ಕೂಡ ಅಳೆದು ಎರಡೂ ಬದಿಯ ಅಂಕಿ ಕೊಡುವ ಅಂಗಡಿ ಗೊತ್ತಿದ್ದರೆ ಅದನ್ನೂ ತಿಳಿಸಿ.