ರೊಟ್ಟಿ ಎಣ್ಣೆಗಾಯಿ ಊಟಕ್ಕೆ ಪಕ್ಕದಲ್ಲಿ ಏನೇನು ಮಾಡ್ಲಿ?

ಸುಮಾ_ಜಯನಗರ:
ಎಲ್ರಿಗೂ ನಮಸ್ಕಾರ. ಬರೋ ಶನಿವಾರ ರಾತ್ರಿ ಮನೆಗೆ 12 ಜನ ಊಟಕ್ಕೆ ಬರ್ತಿದಾರೆ, ಎಲ್ಲ ವೆಜ್. ಪ್ರತಿ ಸಲ ಪುಲಾವ್, ಪನೀರ್ ಅಂತಾನೇ ಆಗುತ್ತೆ, ಈ ಸಲ ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ ಮಾಡೋಣ ಅಂತ ಡಿಸೈಡ್ ಮಾಡಿದೀವಿ. ಎಣ್ಣೆಗಾಯಿ ನಂಗೆ ಚೆನ್ನಾಗಿ ಬರುತ್ತೆ, ಅದ್ರ ಚಿಂತೆ ಇಲ್ಲ, ಪಕ್ಕಕ್ಕೆ ಏನು ಅನ್ನೋದೇ ತಲೆಬಿಸಿ. ಸದ್ಯಕ್ಕೆ ಶೇಂಗಾ ಚಟ್ನಿಪುಡಿ, ಶೇಂಗಾಪುಡಿ ಹಾಕಿದ ಕ್ಯಾಪ್ಸಿಕಂ ಪಲ್ಯ, ಆಲೂಗಡ್ಡೆ ಪಲ್ಯ, ಮೊಸರು ಅಂತ ಬರ್ಕೊಂಡಿದೀನಿ, ಆದ್ರೆ ಯಾಕೋ ಎಲ್ಲ ಒಂದೇ ಥರ ಆಗ್ತಿದೆ ಅನ್ಸ್ತಿದೆ. ಬರೋರಲ್ಲಿ ಇಬ್ರು ಹಿರಿಯರು ಈರುಳ್ಳಿ ಬೆಳ್ಳುಳ್ಳಿ ಮುಟ್ಟಲ್ಲ, ಮಕ್ಕಳಿಗೆ ಖಾರ ಆಗಲ್ಲ, ಅರ್ಧ ಜನ ಮೈಸೂರು ಮಂಡ್ಯ ಕಡೆಯವ್ರು, ಅನ್ನ ಇಲ್ದೆ ಎಲೆ ಮೇಲಿಂದ ಏಳಲ್ಲ. ಗೊತ್ತಿರೋರು ಹೇಳಿ ಪ್ಲೀಸ್.

ಬಾಗಲಕೋಟಿ_ಮಂದಿ:
ಅಕ್ಕಾರ, ಮೊದ್ಲ ಆ ಕ್ಯಾಪ್ಸಿಕಂ ಪಲ್ಯ ತೆಗೀರಿ. ಎಣಗಾಯಿ ಮಸಾಲಿಯೊಳಗ ಶೇಂಗಾ, ಎಳ್ಳು, ಒಣಕೊಬ್ರಿ ಎಲ್ಲಾ ಇರ್ತೈತಿ, ಮ್ಯಾಲೆ ಎಣ್ಣಿ ಬ್ಯಾರೆ, ಅದರ ಬಾಜೂಕ ಮತ್ತೊಂದು ಶೇಂಗಾಪುಡಿ ಪಲ್ಯ ಇಟ್ರ ನಾಕು ತುತ್ತಿಗೆ ಬಾಯಿ ಕಟ್ಟತೈತಿ. ನಮ್ಮ ಕಡೆ ತಾಟಿನ್ಯಾಗ ಎಣಗಾಯಿ ಬಂತಂದ್ರ ಜೋಡಿ ಒಂದು ಕಾಳು, ಒಂದು ತಪ್ಪಲಪಲ್ಯ, ಒಂದಿಷ್ಟು ಹಸೇದು ಇದ್ದ ಇರ್ತೈತಿ.

ಕಾಳಿಗೆ ಮಡಿಕಿ ಕಾಳು ಮಾಡ್ರಿ. ಗುರುವಾರ ರಾತ್ರಿ ನೆನಿ ಇಡ್ರಿ, ಶುಕ್ರವಾರ ಮುಂಜಾನೆ ಬಸದು ಹಸಿ ಅರಿವ್ಯಾಗ ಗಟ್ಟಿ ಕಟ್ಟಿಡ್ರಿ, ಶನಿವಾರ ಮುಂಜಾನೆ ಅನ್ನೋದ್ರಾಗ ಸಣ್ಣ ಮೊಳಕಿ ಬಂದಿರ್ತಾವ. ಬರೇ ಸಾಸಿವಿ ಜೀರಗಿ ಒಗ್ಗರಣಿ, ಅರಿಷಿಣ, ಖಾರಪುಡಿ, ಉಪ್ಪು ಸಾಕು, ಪುಡಿಗಿಡಿ ಏನೂ ಹಾಕಬ್ಯಾಡ್ರಿ. ಪೂರ್ತಿ ಒಣಗಿಸಬ್ಯಾಡ್ರಿ ಮತ್ತ, ತಳದಾಗ ಸ್ವಲ್ಪ ರಸ ಉಳೀಲಿ, ಕಡಕ್ ರೊಟ್ಟಿ ಮುರದು ಅದರಾಗ ಅದ್ದಿ ತಿನ್ನೋದ ರುಚಿ.

ತಪ್ಪಲಕ್ಕ ಪುಂಡಿಪಲ್ಯ. ಬೆಂಗಳೂರಾಗ ಗೋಂಗುರ ಅಂತ ಕೇಳಿದ್ರ ಸಿಗತೈತಿ. ತೊಗರಿಬ್ಯಾಳಿ, ಜೋಳದ ನುಚ್ಚು ಹಾಕಿ ಮೆತ್ತಗ ಕುದಿಸಿ ಕಡೀಬೇಕು. ಅದರ ಹುಳಿ ಇರ್ತೈತಲ್ಲ, ಅದಕ್ಕ ಎಣಗಾಯಿ ಎಣ್ಣಿ ತಡಕೊಳ್ಳೋ ತಾಕತ್ತೈತಿ. ಬಳ್ಳೊಳ್ಳಿ ಒಗ್ಗರಣಿ ಕಡೀಕ ಮ್ಯಾಲೆ ಸುರಿಯೋದು, ಅದಕ್ಕ ಹಿರ್ಯಾರ ಪಾಲು ಮೊದ್ಲ ತಗದಿಟ್ಟು ಅದಕ್ಕ ಇಂಗಿನ ಒಗ್ಗರಣಿ ಕೊಡ್ರಿ. ಹಸೇದಕ್ಕ ಮೆಂತ್ಯ ತಪ್ಪಲ ಪಚಡಿ, ಸವತಿಕಾಯಿ, ಗಜ್ಜರಿ, ಮೂಲಂಗಿ.

ವೈಶಾಲಿ_ಮೈಸೂರು:
ಮೇಲೆ ಹೇಳಿದ್ದು ಬಹಳ ಸರಿ, ಆದ್ರೆ ಮೆಂತ್ಯ ಪಚಡಿ ಬಗ್ಗೆ ನಂದು ಬೇರೆ ಅಭಿಪ್ರಾಯ. ಹಸಿ ಮೆಂತ್ಯ ಸೊಪ್ಪು ತಿಂದು ಅಭ್ಯಾಸ ಇಲ್ದೋರಿಗೆ ಕಹಿ ಅನ್ಸುತ್ತೆ, ನಮ್ ಕಡೆಯವ್ರು ಒಂದು ತುತ್ತು ತಿಂದು ಪಕ್ಕಕ್ಕೆ ಸರಿಸ್ತಾರೆ. ಅದ್ರ ಬದ್ಲು ಹೆಸರುಬೇಳೆ ಕೋಸಂಬರಿ ಮಾಡಿ, ಹೇಗಿದ್ರೂ ಅದಕ್ಕೆ ಈರುಳ್ಳಿ ಬೆಳ್ಳುಳ್ಳಿ ಬೇಡ, ಹಿರಿಯರಿಗೂ ಆಯ್ತು ಮಕ್ಕಳಿಗೂ ಆಯ್ತು. ಉಪ್ಪು, ನಿಂಬೆಹುಳಿ ಮಾತ್ರ ಎಲ್ರೂ ಕೂತ ಮೇಲೆ ಹಾಕಿ, ಮುಂಚೇನೇ ಹಾಕಿಟ್ರೆ ಸೌತೆಕಾಯಿ ನೀರು ಬಿಟ್ಟು ಬೇಳೆಯೆಲ್ಲ ಮುಳುಗಿ ಹೋಗುತ್ತೆ.

ಅನ್ನಕ್ಕೆ ಅಂತ ವಾಂಗೀಬಾತೋ ಹುಳಿಯೋ ಮಾಡೋಕೆ ಹೋಗ್ಬೇಡಿ, ಮಸಾಲೆ ಮೇಲೆ ಮಸಾಲೆ ಆಗುತ್ತೆ, ಅದ್ರಲ್ಲೂ ವಾಂಗೀಬಾತ್ ಅಂದ್ರೆ ಮತ್ತೆ ಅದೇ ಬದನೆಕಾಯಿ. ಬಿಳಿ ಅನ್ನ, ತೆಳ್ಳಗೆ ಮೆಣಸು ಜೀರಿಗೆ ಸಾರು, ಕೊನೇಲಿ ಮೊಸರನ್ನ. ಮೊಸರನ್ನಕ್ಕೆ ದಾಳಿಂಬೆ ಹಾಕಿ ಒಂದು ಬೌಲ್ ಬೇರೆ ಇಟ್ರೆ ಮಕ್ಕಳ ಊಟ ಅಲ್ಲೇ ಮುಗೀತು.

ರೊಟ್ಟಿ_ಪ್ರಿಯ:
ಒಂದು ಮುಖ್ಯವಾದ ವಿಷ್ಯ ಯಾರೂ ಹೇಳಿಲ್ಲ. 12 ಜನಕ್ಕೆ ಬಿಸಿ ರೊಟ್ಟಿ ಬಡೀತೀನಿ ಅಂತ ನಿಂತ್ರೆ ನೀವು ಇಡೀ ರಾತ್ರಿ ಒಲೆ ಮುಂದೇನೇ ಇರ್ತೀರಿ, ಬಂದೋರ ಜೊತೆ ಕೂತು ಮಾತಾಡೋಕೂ ಆಗಲ್ಲ. ಕಡಕ್ ರೊಟ್ಟಿ ಅಂಗಡೀಲಿ ತಗೊಂಬಿಡಿ, ಅದು ಕೆಡಲ್ಲ, ಉಳಿದ್ರೂ ಡಬ್ಬಿಗೆ ಹಾಕಿಟ್ಟು ಆಮೇಲೆ ತಿನ್ಬಹುದು. ಹಲ್ಲಿನ ತೊಂದ್ರೆ ಇರೋ ಹಿರಿಯರಿಗೆ, ಮಕ್ಕಳಿಗೆ ಮಾತ್ರ ನಾಲ್ಕಾರು ಮೆತ್ತನೆ ರೊಟ್ಟಿ ಮಾಡಿ, ಬೆಣ್ಣೆ ಹಚ್ಚಿ ಕೊಡಿ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಸಿಕ್ರೆ ಅದೂ ಸ್ವಲ್ಪ ತನ್ನಿ, ಕಾಳು ಪಲ್ಯಕ್ಕೆ ಜೋಳಕ್ಕಿಂತ ಸಜ್ಜೇನೇ ಚೆನ್ನಾಗಿ ಹೊಂದುತ್ತೆ ಅನ್ನೋದು ನನ್ನ ಅಭಿಪ್ರಾಯ.

ಚಟ್ನಿಪುಡೀನೂ ಶೇಂಗಾದ್ದು ಬೇಡ, ಗುರೆಳ್ಳಿಂದು ಮಾಡಿ, ಅಂದ್ರೆ ಹುಚ್ಚೆಳ್ಳು. ಹುರಿದಾಗ ಬರೋ ಆ ಘಮಾನೇ ಬೇರೆ. ಬೆಳ್ಳುಳ್ಳಿ ಹಾಕದೆ ಜೀರಿಗೆ, ಹುಣಸೆಹಣ್ಣು, ಉಪ್ಪು, ಒಣಮೆಣಸಿನಕಾಯಿ ಹಾಕಿ ಪುಡಿ ಮಾಡಿದ್ರೆ ಎಲ್ರಿಗೂ ಒಂದೇ ಡಬ್ಬಿ ಸಾಕು. ಅಳತೆ ಹೇಳ್ಬೇಕು ಅಂದ್ರೆ ಸಣ್ಣ ಮುಳಗಾಯಿ (ಬದನೆಕಾಯಿ) 30, ಒಣ ಮಡಿಕೆ ಕಾಳು ಅರ್ಧ ಕೆಜಿ, ಮೊಸರನ್ನಕ್ಕೂ ಸೇರಿ ಮೊಸರು 2 ಲೀಟರ್. ಮಿಕ್ಕಿದ್ದು ಕಮ್ಮಿ ಆದ್ರೂ ನಡೆಯುತ್ತೆ, ರೊಟ್ಟಿ ಊಟದಲ್ಲಿ ಮೊಸರು ಕಮ್ಮಿ ಆಗ್ಬಾರ್ದು. ಎಣ್ಣೆಗಾಯಿ ಬೆಳಿಗ್ಗೇನೇ ಮಾಡಿಟ್ಟು ಸಂಜೆ ಸಣ್ಣ ಉರೀಲಿ ಬಿಸಿ ಮಾಡಿ, ಅಷ್ಟೊತ್ತಿಗೆ ಮಸಾಲೆ ಕಾಯಿ ಒಳಗೆಲ್ಲ ಇಳಿದಿರುತ್ತೆ.

ಸುಮಾ_ಜಯನಗರ:
ಅಯ್ಯೋ ಎಷ್ಟು ಚೆನ್ನಾಗಿ ಹೇಳಿದ್ರಿ ಎಲ್ರೂ, ತುಂಬಾ ಥ್ಯಾಂಕ್ಸ್! ಎಲ್ಲದ್ರಲ್ಲೂ ಶೇಂಗಾನೇ ಇದೆ ಅನ್ನೋದು ಹೊಳೆದೇ ಇರ್ಲಿಲ್ಲ. ಹಂಗಾದ್ರೆ ಮಡಿಕೆ ಕಾಳು, ಪುಂಡಿಪಲ್ಯ, ಕೋಸಂಬರಿ, ಗುರೆಳ್ಳು ಪುಡಿ, ಮೊಸರು, ಅನ್ನ ಸಾರು ಫಿಕ್ಸ್. ಮೆಂತ್ಯ ಪಚಡೀನೂ ಒಂದು ಚಿಕ್ಕ ಬೌಲ್ ಇಡ್ತೀನಿ, ನಮ್ಮನೆಯವ್ರಿಗೆ ಇಷ್ಟ. ಆಲೂಗಡ್ಡೆ ಪಲ್ಯ ಬೇಕಾ ಬೇಡ್ವಾ? ಮತ್ತೆ ಸ್ವೀಟ್‌ಗೆ ಹೋಳಿಗೆ ಮಾಡಿದ್ರೆ ಹೊಟ್ಟೆ ಭಾರ ಆಗುತ್ತಾ?

ಬಾಗಲಕೋಟಿ_ಮಂದಿ:
ಆಲೂಗಡ್ಡಿ ಬ್ಯಾಡ್ರಿ, ಇಷ್ಟರ ಮ್ಯಾಲೆ ಅದನ್ನ ಯಾರೂ ಮುಟ್ಟಂಗಿಲ್ಲ. ಹೋಳಿಗಿ ಖುಷೀಲೆ ಮಾಡ್ರಿ, ಆದ್ರ ಶೇಂಗಾ ಹೋಳಿಗಿ ಅಲ್ಲ, ಕಡ್ಲಿಬ್ಯಾಳಿದು. ಬ್ಯಾಳಿ ಬಸದ ಕಟ್ಟಿನ್ಯಾಗ ಸಾರು ಆಗತೈತಿ, ಮೆಣಸಿನ ಸಾರು ಬ್ಯಾರೆ ಕುದಿಸೋದು ತಪ್ಪತೈತಿ. ಕಟ್ಟಿನ ಸಾರಿಗೆ ಉಳ್ಳಾಗಡ್ಡಿ ಹಾಕದ ಒಣಕೊಬ್ರಿ, ಲವಂಗ, ಚಕ್ಕಿ, ಹುಣಸಿಹಣ್ಣಿಲೆ ಮಾಡ್ರಿ, ಹಿರ್ಯಾರೂ ಉಣ್ಣತಾರ. ಹೋಳಿಗಿ ಸಣ್ಣೂ ಮಾಡಿ, ಒಬ್ಬೊಬ್ರಿಗೆ ಒಂದೊಂದು ತುಪ್ಪ ಹಾಕಿ ಕೊಡ್ರಿ, ಬೇಕಂದವ್ರಿಗೆ ಇನ್ನೊಂದು.