ಖಾಲಿ ಬಿಟ್ಟದ್ದೂ ತಪ್ಪು ಟೈಪ್ ಆದದ್ದೂ ಎರಡೂ 0 ಆಗ್ತದೆ: ಜಾವಾದಲ್ಲಿ ಬೇರೆ ಮಾಡುವುದು ಹೇಗೆ?

ಕಟಪಾಡಿ_ಜಾವಾ:
ಶಂಕರಪುರ ಮಲ್ಲಿಗೆಯ ದಿನದ ಲೆಕ್ಕಕ್ಕೆ ಸಣ್ಣ ಪ್ರೋಗ್ರಾಂ, ಜಾವಾ 17. ಒಬ್ಬೊಬ್ಬ ಬೆಳೆಗಾರರಿಗೆ ಅಟ್ಟೆ, ಚೆಂಡು ಎಂಬ ಹೂವಿನ ಅಳತೆಗೆ ಎರಡು ಅಂಕಿ. ಸ್ಕ್ಯಾನರ್‌ನ ನೆಕ್ಸ್ಟ್‌ಇಂಟ್‌ನಲ್ಲಿ ಓದಿ, ಎಕ್ಸೆಪ್ಶನ್ (ದೋಷದ ಸೂಚನೆ) ಬಂದರೆ ಅದನ್ನು ಹಿಡಿಯುವ ಕ್ಯಾಚ್‌ನಲ್ಲಿ 0 ಹಾಕಿದ್ದೇನೆ. ಬರೀ ಎಂಟರ್ ಒತ್ತಿದರೆ ಸುಮ್ಮನೆ ಕಾಯುತ್ತಾ ಕೂರ್ತದೆ. ಎಲ್ಲಾದರೂ ಒಂದು ಅಕ್ಷರ ಬಿದ್ದರೆ ಅಲ್ಲಿಂದ ಮುಂದಿನವೆಲ್ಲ 0. ಬರೆಯಲು ಬಿಟ್ಟುಹೋದ ದಿನವೂ 0 ಆಗಿ ತಿಂಗಳ ಸರಾಸರಿ ಕುಸಿಯುತ್ತದೆ. ಎಲ್ಲಿ ತಪ್ಪಿದೆ?

ಮಣ್ಣಗುಡ್ಡ_ಕೋಡ್:
ಕ್ಯಾಚ್‌ನ ಆ 0 ಮೊದಲು ತೆಗೆಯಿರಿ ಮಾರಾಯ್ರೆ. ಹೂ ಬರಲಿಲ್ಲ ಎಂದರೆ 0. ಬಂತೋ ಇಲ್ಲವೋ ಗೊತ್ತಿಲ್ಲ ಎನ್ನುವುದು 0 ಅಲ್ಲವೇ ಅಲ್ಲ.

ನೆಕ್ಸ್ಟ್‌ಇಂಟ್‌ಗೆ ಖಾಲಿ ಸಾಲು ಕಾಣುವುದೇ ಇಲ್ಲ. ಸ್ಪೇಸ್, ಎಂಟರ್ ಎಲ್ಲ ದಾಟಿ ಮುಂದಿನ ಪದ ಹುಡುಕ್ತದೆ, ಹಾಗಾಗಿ ಕಾಯ್ತದೆ. ಆ ಪದ ಅಂಕಿಯಲ್ಲದಿದ್ದರೆ ಇನ್‌ಪುಟ್‌ಮಿಸ್‌ಮ್ಯಾಚ್‌ಎಕ್ಸೆಪ್ಶನ್ ಎಸೆಯುತ್ತದೆ, ಆದರೆ ಪದವನ್ನು ಅಲ್ಲೇ ಬಿಡ್ತದೆ. ಮುಂದಿನ ಸಲವೂ ಅದೇ ಪದ, ಅದೇ ಎಕ್ಸೆಪ್ಶನ್, ನಿಮ್ಮ ಅದೇ 0.

ನೆಕ್ಸ್ಟ್‌ಲೈನ್‌ನಿಂದ ಇಡೀ ಸಾಲು ತೆಗೆದುಕೊಳ್ಳಿ, ಸ್ಟ್ರಿಪ್ ಮಾಡಿ ಆಚೀಚೆಯ ಸ್ಪೇಸ್ ತೆಗೆಯಿರಿ. ಈಸ್‌ಎಂಪ್ಟಿ ಆದರೆ (ಸಾಲು ಖಾಲಿಯಿದ್ದರೆ) ಅಂಕಿ ಇಲ್ಲ ಎನ್ನುವ ಆಪ್ಶನಲ್‌ಇಂಟ್.ಎಂಪ್ಟಿ ಹಿಂದಿರುಗಿಸಿ. ಇಲ್ಲದಿದ್ದರೆ ಇಂಟೀಜರ್.ಪಾರ್ಸ್‌ಇಂಟ್‌ನಿಂದ ಅಂಕಿ ಮಾಡಿ, ನಂಬರ್‌ಫಾರ್ಮ್ಯಾಟ್‌ಎಕ್ಸೆಪ್ಶನ್ ಒಂದನ್ನೇ ಹಿಡಿದು ಅದೇ ಅಂಕಿ ಪುನಃ ಕೇಳಿ. ಬರೀ ಎಕ್ಸೆಪ್ಶನ್ ಎಂದು ಹಿಡಿದರೆ ಇನ್‌ಪುಟ್ ಮುಗಿದಾಗ ಬರುವ ನೋಸಚ್‌ಎಲಿಮೆಂಟ್‌ಎಕ್ಸೆಪ್ಶನ್ ಕೂಡ ಅದರೊಳಗೇ ಹೂತುಹೋಗ್ತದೆ.

ಪಾರ್ಸ್ ಆದ ಮಾತ್ರಕ್ಕೆ ಸರಿ ಅಂತಲ್ಲ. -2 ಕೂಡ ಪಾರ್ಸ್ ಆಗ್ತದೆ. 4 ಚೆಂಡಿಗೆ 1 ಅಟ್ಟೆಯಲ್ವಾ, ಹಾಗಾದರೆ ಚೆಂಡಿನ ಜಾಗದಲ್ಲಿ 0ಯಿಂದ 3 ಮಾತ್ರ ಬರಬೇಕು. 7 ಬಂದರೆ ಪ್ರೋಗ್ರಾಂ ತಾನೇ 1 ಅಟ್ಟೆ 3 ಚೆಂಡು ಮಾಡಬಾರದು, ಕೇಳಬೇಕು. 1 ಒತ್ತಲು ಹೋಗಿ 7 ಒತ್ತಿರಲೂಬಹುದು.

ಮಲ್ಪೆ_ಬಂದರ್:
ಇದನ್ನು ಡೇಟಾಬೇಸ್‌ಗೆ ಹಾಕುವುದಿದ್ದರೆ ಅಲ್ಲೊಂದು ಗುಂಡಿ ಉಂಟು. ಕಾಲಂನಲ್ಲಿ ನಲ್ (ಏನೂ ಇಲ್ಲ) ಇದ್ದರೂ ರಿಸಲ್ಟ್‌ಸೆಟ್‌ನ ಗೆಟ್‌ಇಂಟ್ ಕೊಡುವುದು 0. ಓದಿದ ಕೂಡಲೇ ವಾಸ್‌ನಲ್ ಕರೆದು ನೋಡಿ. ಇಂಟೀಜರ್‌ನಲ್ಲಿ ನಲ್ ಇಟ್ಟುಕೊಂಡು ಅದನ್ನು ಇಂಟ್‌ಗೆ ಹಾಕಿದರೆ ನಲ್‌ಪಾಯಿಂಟರ್‌ಎಕ್ಸೆಪ್ಶನ್. ಸರಾಸರಿಗೆ ಅಂಕಿ ಇರುವ ದಿನಗಳನ್ನಷ್ಟೇ ಎಣಿಸಿ ಭಾಗಿಸಿ. ಇಡೀ ತಿಂಗಳು ಖಾಲಿಯಾದರೆ ಇಂಟ್‌ನ ಭಾಗಾಕಾರ ಅರಿತ್‌ಮೆಟಿಕ್‌ಎಕ್ಸೆಪ್ಶನ್ ಕೊಡ್ತದೆ, ಡಬಲ್ ಆದರೆ ಸದ್ದಿಲ್ಲದೆ ನ್ಯಾನ್ (ಅಂಕಿಯೇ ಅಲ್ಲ) ಆಗ್ತದೆ.

ಕಟಪಾಡಿ_ಜಾವಾ:
ಸರಿಯಾಯಿತು, ವಂದನೆ. ಅಟ್ಟೆಯ ದರವನ್ನು ಡಬಲ್.ಪಾರ್ಸ್‌ಡಬಲ್‌ನಿಂದ ಓದುತ್ತಿದ್ದೇನೆ. ಕೆಲವರು ೧೨೫೦ ಎಂದು ಕನ್ನಡ ಅಂಕಿ ಹಾಕ್ತಾರೆ, ಅಟ್ಟೆಗೆ ಕನ್ನಡ ಅಂಕಿ ನಡೀತದೆ, ದರಕ್ಕೆ ಮಾತ್ರ ತಪ್ಪು ಎನ್ನುತ್ತದೆ.

ಸುರತ್ಕಲ್_17:
ಪಾರ್ಸ್‌ಇಂಟ್ ಕ್ಯಾರೆಕ್ಟರ್.ಡಿಜಿಟ್ ಬಳಸುವುದರಿಂದ ಕನ್ನಡ ಅಂಕಿ ಅದಕ್ಕೆ ಅರ್ಥವಾಗ್ತದೆ. ದಶಮಾಂಶವನ್ನು ನಿಖರವಾಗಿ ಇಡುವ ಬಿಗ್‌ಡೆಸಿಮಲ್‌ಗೂ ಆಗ್ತದೆ. ಪಾರ್ಸ್‌ಡಬಲ್‌ಗೆ 0ಯಿಂದ 9ರ ಇಂಗ್ಲಿಷ್ ಅಂಕಿಯೇ ಬೇಕು. ಅದೇ ಪಾರ್ಸ್‌ಡಬಲ್ 1250ರ ಕೊನೆಗೆ ಡಿ ಅಥವಾ ಎಫ್ ಅಕ್ಷರ ಬಿದ್ದರೆ ಚಕಾರ ಎತ್ತುವುದಿಲ್ಲ, ನ್ಯಾನ್ ಎಂದು ಬರೆದರೂ ಒಪ್ತದೆ. ನಲ್ ಕೊಟ್ಟರೆ ಪಾರ್ಸ್‌ಇಂಟ್‌ನಂತೆ ನಂಬರ್‌ಫಾರ್ಮ್ಯಾಟ್‌ಎಕ್ಸೆಪ್ಶನ್ ಅಲ್ಲ, ನಲ್‌ಪಾಯಿಂಟರ್‌ಎಕ್ಸೆಪ್ಶನ್. ದುಡ್ಡಿನ ಲೆಕ್ಕಕ್ಕೆ ಬಿಗ್‌ಡೆಸಿಮಲ್ಲೇ ಸರಿ, ಆದರೆ ಅದು ಸ್ಪೇಸ್ ಸಹಿಸುವುದಿಲ್ಲ, ಮೊದಲೇ ಸ್ಟ್ರಿಪ್ ಮಾಡಬೇಕು.

1,250ರ ಕಾಮಾಕ್ಕೆ ಹೆದರಿ ನಂಬರ್‌ಫಾರ್ಮ್ಯಾಟ್‌ಗೆ ಹೋಗುವುದಾದರೆ ಒಂದು ಎಚ್ಚರಿಕೆ: ಅದರ ಪಾರ್ಸ್ "1250ರೂ" ಎಂಬುದರಲ್ಲಿ 1250 ತೆಗೆದುಕೊಂಡು ಉಳಿದದ್ದನ್ನು ಹೇಳದೆ ಬಿಡ್ತದೆ. ಎಲ್ಲಿವರೆಗೆ ಓದಿತು ಎಂದು ಹೇಳುವ ಪಾರ್ಸ್‌ಪೊಸಿಶನ್ ಕೊಟ್ಟು, ಅದರ ಇಂಡೆಕ್ಸ್ ಸಾಲಿನ ಉದ್ದಕ್ಕೆ ಸಮ ಉಂಟಾ ನೋಡಿ.

ಎಲ್ಲಿಂದಲೋ ಕಾಪಿ ಮಾಡಿದ ಅಂಕಿ ಕಣ್ಣಿಗೆ ಸರಿಯಿದ್ದೂ ಪಾರ್ಸ್ ಆಗದಿದ್ದರೆ ಯೂನಿಕೋಡ್‌ನ 160ನೇ ಸ್ಪೇಸ್ ಹುಡುಕಿ. ಅದು ಸ್ಟ್ರಿಪ್‌ಗೂ ಟ್ರಿಮ್‌ಗೂ ಹೋಗುವುದಿಲ್ಲ, ರಿಪ್ಲೇಸ್ ಹಾಕಿಯೇ ತೆಗೆಯಬೇಕು.