ಪದಚರ್ಚೆ: ಹಲ್ಲಿನ ಸಿಮೆಂಟು ಒಣಗುವುದೋ, ಹಿಡಿಯುವುದೋ?

ಎಲ್ಲರಿಗೂ ನಮಸ್ಕಾರ.

ಶಿವಮೊಗ್ಗದ ದಂತವೈದ್ಯರೊಬ್ಬರು ರೋಗಿಗಳಿಗೆಂದು ಬರೆದ ಕನ್ನಡ ಕೈಪಿಡಿಯ ಕರಡನ್ನು ತಿದ್ದುತ್ತಿದ್ದೇನೆ. ರೂಟ್ ಕೆನಾಲ್ ಮಾಡುವಾಗ ಬೇರಿನ ಗೋಡೆ ತೂತಾದರೆ, ಇಲ್ಲವೇ ಬೇರಿನ ತುದಿ ಕತ್ತರಿಸಿ ಅಲ್ಲಿಂದ ತುಂಬಬೇಕಾದರೆ ಬಳಸುವ ಎಂಟಿಎ (ಮಿನರಲ್ ಟ್ರೈಆಕ್ಸೈಡ್ ಅಗ್ರಿಗೇಟ್), ಬಯೋಡೆಂಟಿನ್ ಎಂಬ ಸಿಮೆಂಟುಗಳ ಹೋಲಿಕೆ ಅದರಲ್ಲಿದೆ. ಸೆಟ್ಟಿಂಗ್ ಟೈಮ್‌ಗೆ ಅವರು 'ಒಣಗುವ ಅವಧಿ' ಎಂದಿದ್ದಾರೆ. ನನ್ನ ತಕರಾರು ಅಲ್ಲೇ.

ಅಮೆರಿಕದ ಲೊಮಾ ಲಿಂಡಾ ವಿಶ್ವವಿದ್ಯಾಲಯದಲ್ಲಿ 1990ರ ದಶಕದಲ್ಲಿ ರೂಪುಗೊಂಡ ಎಂಟಿಎಯಲ್ಲಿ ಮುಕ್ಕಾಲು ಪಾಲು ಪೋರ್ಟ್‌ಲ್ಯಾಂಡ್ ಸಿಮೆಂಟೇ. ನೀರು ಕೂಡಿದರೇ ಅದು ಗಟ್ಟಿಯಾಗುವುದು. ಅದಕ್ಕೇ ಮೇಲೆ ಒದ್ದೆ ಹತ್ತಿ ಇಟ್ಟು ಮುಚ್ಚುತ್ತಾರೆ. ಒಣಗಿಸಿದರೆ ಕೆಲಸ ಕೆಟ್ಟಿತು. ಗಾರೆ ಮೇಸ್ತ್ರಿಗಳು 'ಸಿಮೆಂಟು ಹಿಡೀತು' ಅನ್ನುತ್ತಾರೆ, ಆಮೇಲೂ ಕ್ಯೂರಿಂಗ್‌ಗೆ ನೀರು ಹೊಡೆಯುತ್ತಾರೆ. (ಆಷಾಢದಲ್ಲಿ ಆಗುಂಬೆ ಕಡೆ ಆ ಖರ್ಚೂ ಇಲ್ಲ.) ಹಾಗಾಗಿ 'ಹಿಡಿಯುವ ಹೊತ್ತು' ಎಂದು ತಿದ್ದಿದ್ದೇನೆ.

ತೊಡಕಿರುವುದು ಮುಂದಿನದರಲ್ಲಿ. ಹಿಡಿಯುವುದೇ ಬೇರೆ, ಬಲ ಬರುವುದೇ ಬೇರೆ. ಮೂಲ ಎಂಟಿಎ ಹಿಡಿಯಲು ಸುಮಾರು 2 ಗಂಟೆ 45 ನಿಮಿಷ ಬೇಕು. ಒತ್ತಡ ತಾಳುವ ಬಲ ಮೊದಲ ದಿನ ಸುಮಾರು 40 ಮೆಗಾಪಾಸ್ಕಲ್ (ಒತ್ತಡದ ಅಳತೆ) ಇದ್ದದ್ದು 21 ದಿನಕ್ಕೆ 67ರ ಹತ್ತಿರ ಹೋಗುತ್ತದೆ. ಬಯೋಡೆಂಟಿನ್ ಸುಮಾರು 12 ನಿಮಿಷಕ್ಕೇ ಹಿಡಿಯುತ್ತದೆ, ಅದರ ದ್ರವದಲ್ಲಿ ಕ್ಯಾಲ್ಸಿಯಂ ಕ್ಲೋರೈಡ್ ಇರುವುದರಿಂದ. ಹಿಡಿಯುವುದು, ಬಲ ಬರುವುದು ಎರಡಕ್ಕೂ 'ಗಟ್ಟಿಯಾಗುವುದು' ಎಂದು ಬರೆದರೆ, ಹಿಡಿದ ಮರುಗಳಿಗೆಯೇ ಚಕ್ಕುಲಿ ಕಡಿಯಬಹುದು ಅಂದುಕೊಳ್ಳುವವರು ನಮ್ಮಲ್ಲಿ ಬೇಕಾದಷ್ಟು ಜನ.

ಬಲ ಏರುವುದಕ್ಕೆ 'ಬಲಿಯುವುದು' ಎನ್ನಬಹುದೇ? ಅಡಿಕೆ ಬಲಿಯುತ್ತದೆ, ಬಿದಿರು ಬಲಿಯುತ್ತದೆ, ಕಿವಿಗೆ ಸಲೀಸಾಗಿದೆ. ಆದರೆ ರೋಗವೂ ಬಲಿಯುತ್ತದಲ್ಲ! ದವಾಖಾನೆಯಲ್ಲಿ ಹಂಚುವ ಹಾಳೆಯಲ್ಲಿ 'ಮೂರು ವಾರದಲ್ಲಿ ಬಲಿಯುತ್ತದೆ' ಅಂತ ಓದಿದವರು ಗಾಬರಿಯಾದಾರು. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಮೇಸ್ತ್ರಿಗಳ ಬಾಯಲ್ಲಿ ಇದಕ್ಕೆ ಬೇರೆ ಮಾತಿದ್ದರೆ ದಯವಿಟ್ಟು ಕೇಳಿ ತಿಳಿಸಿ. ಒತ್ತಡ ತಾಳುವ ಬಲಕ್ಕೆ ಪುಸ್ತಕದ ಮಾತಾದ 'ಸಂಪೀಡನ ಸಾಮರ್ಥ್ಯ' ಬೇಡ, ಅದನ್ನು ಓದಿಯೇ ಹಲ್ಲು ನೋಯುತ್ತದೆ.

ಇನ್ನೊಂದು. ಎಕ್ಸ್‌ರೇಯಲ್ಲಿ ಎದ್ದು ಕಾಣಲೆಂದು ಎಂಟಿಎಗೆ ಬಿಸ್ಮತ್ ಆಕ್ಸೈಡ್, ಬಯೋಡೆಂಟಿನ್‌ಗೆ ಜಿರ್ಕೋನಿಯಂ ಆಕ್ಸೈಡ್ ಬೆರೆಸಿರುತ್ತಾರೆ. ಆ ಗುಣಕ್ಕೆ ಕರಡಿನಲ್ಲಿ 'ವಿಕಿರಣ ಅಪಾರಕತೆ' ಎಂದಿದೆ. 'ಎಕ್ಸ್‌ರೇಯಲ್ಲಿ ಬೆಳ್ಳಗೆ ಕಾಣುವ ಗುಣ' ಎಂದರೆ ಅರ್ಥವೇನೋ ಆಗುತ್ತದೆ, ಆದರೆ ಕೋಷ್ಟಕದ ಕಿರಿದಾದ ತಲೆಪಟ್ಟಿಯಲ್ಲಿ ಕೂರುವುದಿಲ್ಲ. ಎರಡು ಪದದೊಳಗೆ ಮುಗಿಸಬಲ್ಲವರು ಯಾರಿದ್ದೀರಿ?